ಓಮ್ನಿಯ ಎರಡನೇ ಗೇರ್ ಸ್ಲಿಪ್ ಆಗುತ್ತಿದೆ: ಗುಜರಿಯ ಗೇರ್‌ಬಾಕ್ಸಿನಿಂದ ಮನೆಯಲ್ಲೇ ಸರಿಮಾಡಬಹುದೇ?

ಪ್ರಶ್ನೆ: ನಮ್ಮ ಮನೆ ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಒಳಗೆ, ಗುಡ್ಡದ ಮೇಲಿದೆ. ತೋಟದ ಕೆಲಸಕ್ಕೆ 2006ರ ಮಾರುತಿ ಓಮ್ನಿ ಇಟ್ಟುಕೊಂಡಿದ್ದೇವೆ. ಅಡಿಕೆ, ತೆಂಗಿನಕಾಯಿ ಹೇರಿಕೊಂಡು ಇಳಿಜಾರಿನಲ್ಲಿ ಬರುವಾಗ ಎರಡನೇ ಗೇರ್ ತಾನಾಗಿ ಸ್ಲಿಪ್ ಆಗಿ ನ್ಯೂಟ್ರಲಿಗೆ ಬೀಳುತ್ತದೆ. ಮೂರರಿಂದ ಎರಡಕ್ಕೆ ಹಾಕುವಾಗ ಕರಕರ ಎನ್ನುತ್ತದೆ. ನಿಂತಲ್ಲಿ ಎಂಜಿನ್ ಓಡುತ್ತಿದ್ದರೆ ನ್ಯೂಟ್ರಲಿನಲ್ಲಿ ಗೊರಗೊರ ಶಬ್ದವಿದೆ, ಕ್ಲಚ್ ತುಳಿದರೆ ನಿಲ್ಲುತ್ತದೆ. ವರ್ಕ್‌ಶಾಪಿನವರು ಗೇರ್‌ಬಾಕ್ಸನ್ನೇ ಬದಲಿಸಿ ಎಂದರು. ಗುಜರಿಯಲ್ಲಿ ಒಂದು ಓಮ್ನಿ ಗೇರ್‌ಬಾಕ್ಸ್ ನೋಡಿಟ್ಟಿದ್ದೇನೆ. ಪಂಪ್‌ಸೆಟ್, ಟಿಲ್ಲರ್ ಬಿಚ್ಚಿ ಜೋಡಿಸಿದ ಅನುಭವ ನನಗೂ ಭಾವನಿಗೂ ಇದೆ. ಗುಜರಿಯದ್ದನ್ನು ಹಾಗೆಯೇ ಕೂರಿಸಬಹುದೇ, ಅಥವಾ ಅದರ ಬಿಡಿಭಾಗಗಳಿಂದ ನಮ್ಮದನ್ನೇ ಸರಿಮಾಡಬಹುದೇ?

ಉತ್ತರ: ಮೊದಲು ಒಂದು ಮಾತು. ಈ ಕೆಲಸ ಮುಗಿಯುವವರೆಗೆ ಆ ಓಮ್ನಿಗೆ ಹೇರು ಹಾಕಿ ಗುಡ್ಡ ಇಳಿಸಬೇಡಿ. ಇಳಿಜಾರಿನಲ್ಲಿ ಗೇರ್ ಕಳಚಿದ ಕ್ಷಣದಲ್ಲಿ ಎಂಜಿನ್ನಿನ ಹಿಡಿತ ಪೂರ್ತಿ ತಪ್ಪುತ್ತದೆ. ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ, ಕಾದ ಬ್ರೇಕ್ ಹಿಡಿಯುವುದಿಲ್ಲ. ಅನೇಕರು ಎಡಗೈಯಲ್ಲಿ ಗೇರ್ ಲಿವರನ್ನು ಒತ್ತಿ ಹಿಡಿದುಕೊಂಡೇ ಇಳಿಯುತ್ತಾರೆ. ಅದರಿಂದ ಗೇರ್ ಹಾಕುವಾಗ ಒಳಗೆ ಸರಿಯುವ ಬಳೆಯನ್ನು (ಸ್ಲೀವ್) ದೂಡುವ ಕವೆ, ಅಂದರೆ ಸೆಲೆಕ್ಟರ್ ಫೋರ್ಕ್, ಆ ತಿರುಗುವ ಸ್ಲೀವಿಗೆ ಸದಾ ಉಜ್ಜಿ ಇನ್ನಷ್ಟು ಬೇಗ ಸವೆಯುತ್ತದೆ. ಖಾಲಿ ಗಾಡಿಯನ್ನು ಇಳಿಸಲೇಬೇಕಾದರೆ ಇಳಿಜಾರು ಶುರುವಾಗುವ ಮುನ್ನವೇ ಒಂದನೇ ಗೇರಿಗೆ ಹಾಕಿಕೊಂಡು ನಿಧಾನವಾಗಿ ಬನ್ನಿ.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಮಾಡಬಹುದು. ಆದರೆ ಗುಜರಿಯದ್ದನ್ನು ಹಾಗೆಯೇ ಕೂರಿಸುವುದೂ ಬೇಡ, ಅದರಿಂದ ಒಂದೆರಡು ಗೇರ್ ಕಿತ್ತು ನಿಮ್ಮದಕ್ಕೆ ಸೇರಿಸುವುದೂ ಬೇಡ. ಎರಡು ಹಳೆಯ ಗೇರ್‌ಬಾಕ್ಸುಗಳನ್ನು ಪಕ್ಕಪಕ್ಕದಲ್ಲಿ ಬಿಚ್ಚಿ, ಉಕ್ಕಿನ ದೊಡ್ಡ ಭಾಗಗಳನ್ನು ಎರಡರಲ್ಲಿ ಒಳ್ಳೆಯದೆನಿಸಿದ ಕಡೆಯಿಂದ ಆರಿಸಿ, ಸವೆಯುವುದಕ್ಕೆಂದೇ ಮಾಡಿದ ಸಣ್ಣ ಭಾಗಗಳನ್ನು ಹೊಸದಾಗಿ ತಂದು, ಒಂದು ನಂಬಿಕೆಯ ಗೇರ್‌ಬಾಕ್ಸ್ ಕಟ್ಟಿಕೊಳ್ಳಿ. ಇದಕ್ಕೆ ಓಮ್ನಿಯಷ್ಟು ಅನುಕೂಲದ ಗಾಡಿ ಕಡಿಮೆ. 1984ರಲ್ಲಿ ಮಾರುತಿ ವ್ಯಾನ್ ಎಂಬ ಹೆಸರಿನಲ್ಲಿ ಬಂದು, 1988ರಲ್ಲಿ ಓಮ್ನಿಯಾಗಿ, 2019ರಲ್ಲಿ ತಯಾರಿ ನಿಲ್ಲುವವರೆಗೂ ಅದರ 796 ಸಿಸಿ ಎಂಜಿನ್ ಮುಂದಿನ ಸೀಟಿನ ಅಡಿಯಲ್ಲೇ ಉದ್ದಕ್ಕೆ ಕುಳಿತಿತ್ತು. ಅದರ ಹಿಂದೆ ಗೇರ್‌ಬಾಕ್ಸ್, ಅಲ್ಲಿಂದ ಶಕ್ತಿಯನ್ನು ಹಿಂದಕ್ಕೊಯ್ಯುವ ಉದ್ದನೆಯ ಪ್ರೊಪೆಲ್ಲರ್ ಶಾಫ್ಟ್, ಕೊನೆಗೆ ಹಿಂದಿನ ಆಕ್ಸಲ್. ಮಾರುತಿ 800ರಲ್ಲಿ ಗೇರ್‌ಬಾಕ್ಸ್ ಮತ್ತು ಡಿಫರೆನ್ಷಿಯಲ್ (ಎರಡು ಚಕ್ರಗಳಿಗೆ ಶಕ್ತಿ ಹಂಚುವ ಭಾಗ) ಒಂದೇ ಡಬ್ಬಿಯಲ್ಲಿ ಇರುವುದರಿಂದ ಮುಂದಿನ ಚಕ್ರದ ಶಾಫ್ಟುಗಳನ್ನೂ ಕೀಳಬೇಕು. ಓಮ್ನಿಯಲ್ಲಿ ಆ ತೊಡಕಿಲ್ಲ. ಎಂಜಿನ್ ಇದ್ದಲ್ಲೇ ಇರುತ್ತದೆ, ಗೇರ್‌ಬಾಕ್ಸ್ ಮಾತ್ರ ಕೆಳಗಿನಿಂದ ಇಳಿಯುತ್ತದೆ.

ಸ್ಪ್ಯಾನರ್ ಹಿಡಿಯುವ ಮುನ್ನ ರೋಗ ನಿಜವಾಗಿ ಗೇರ್‌ಬಾಕ್ಸಿನ ಒಳಗೇ ಇದೆಯೇ ಎಂದು ಖಚಿತಪಡಿಸಿಕೊಳ್ಳಿ. ಗೇರ್ ಸ್ಲಿಪ್ ಆಗುವುದಕ್ಕೆ ಹೊರಗಿನ ಕಾರಣಗಳೂ ಇವೆ, ಅವು ಅಗ್ಗದವು. ಲಿವರಿಗೂ ಗೇರ್‌ಬಾಕ್ಸಿಗೂ ನಡುವಿನ ಜೋಡಣೆಯ ಬುಷ್ ಸವೆದಿದ್ದರೆ ಗೇರ್ ಪೂರ್ತಿ ಬೀಳುವುದೇ ಇಲ್ಲ. ಅರ್ಧ ಬಿದ್ದ ಗೇರ್ ಅಲುಗಾಟಕ್ಕೆ ಕಳಚುತ್ತದೆ. ಎಂಜಿನ್ ಅಥವಾ ಗೇರ್‌ಬಾಕ್ಸಿನ ರಬ್ಬರ್ ಮೌಂಟಿಂಗ್ ಹರಿದಿದ್ದರೆ ಆಕ್ಸಿಲರೇಟರ್ ಬಿಟ್ಟ ಕೂಡಲೇ ಇಡೀ ಯಂತ್ರ ಹಿಂದೆಮುಂದೆ ವಾಲಿ ಲಿವರನ್ನು ಎಳೆಯುತ್ತದೆ. ಸಪಾಟು ರಸ್ತೆಯಲ್ಲಿ ಎರಡನೇ ಗೇರಿನಲ್ಲಿ ಹೋಗುತ್ತಾ ಆಕ್ಸಿಲರೇಟರ್ ಒತ್ತಿ ಬಿಡುತ್ತಿರಿ, ಪಕ್ಕದಲ್ಲಿ ಕುಳಿತ ಭಾವ ಲಿವರಿನ ತುದಿಯನ್ನೇ ನೋಡಲಿ. ಅದು ಎದ್ದು ಕಾಣುವಷ್ಟು ಓಲಾಡಿದರೆ ಮೊದಲು ಮೌಂಟಿಂಗ್ ಬದಲಿಸಿ.

ಕರಕರ ಶಬ್ದಕ್ಕೂ ಹೀಗೆಯೇ ಒಂದು ಪರೀಕ್ಷೆ ಇದೆ. ಎಂಜಿನ್ ನಿಧಾನಕ್ಕೆ ಓಡುತ್ತಿರುವಾಗ ಕ್ಲಚ್ ಪೂರ್ತಿ ತುಳಿದು, ನಾಲ್ಕೈದು ಸೆಕೆಂಡು ಕಾದು, ರಿವರ್ಸ್ ಹಾಕಿ. ರಿವರ್ಸಿಗೆ ಸಿಂಕ್ರೋ ರಿಂಗಿನ (ಗೇರ್ ಬೀಳುವ ಮುನ್ನ ತಿರುಗುವ ವೇಗಗಳನ್ನು ಸರಿಗಟ್ಟಿಸುವ ಬಳೆಯ) ನೆರವಿಲ್ಲ. ಒಳಗಿನ ಶಾಫ್ಟ್ ತಿರುಗುವುದು ನಿಂತಿದ್ದರೆ ಮಾತ್ರ ಅದು ಸದ್ದಿಲ್ಲದೆ ಬೀಳುತ್ತದೆ. ಅಷ್ಟು ಕಾದ ಮೇಲೂ ರಿವರ್ಸ್ ಕಿರುಚಿದರೆ ಕ್ಲಚ್ ಸರಿಯಾಗಿ ಬಿಡುತ್ತಿಲ್ಲ ಎಂದರ್ಥ. ಆಗ ಮೊದಲು ಕೇಬಲ್ ಹೊಂದಿಸಿ, ಆಮೇಲೆ ಗೇರ್‌ಬಾಕ್ಸಿನ ಮಾತು. ರಿವರ್ಸ್ ಮೆತ್ತಗೆ ಬಿದ್ದು, ಮೂರರಿಂದ ಎರಡಕ್ಕೆ ಹಾಕುವಾಗ ಮಾತ್ರ ಕರಕರ ಎಂದರೆ ಎರಡನೇ ಗೇರಿನ ಸಿಂಕ್ರೋ ರಿಂಗ್ ಸವೆದಿದೆ.

ಇನ್ನು ನ್ಯೂಟ್ರಲಿನ ಗೊರಗೊರ. ಕ್ಲಚ್ ತುಳಿದಾಗ ನಿಲ್ಲುತ್ತದೆ ಎಂದು ನೀವು ಬರೆದದ್ದು ತುಂಬಾ ಉಪಯೋಗದ ಮಾಹಿತಿ. ಕ್ಲಚ್ ಬಿಟ್ಟು ನ್ಯೂಟ್ರಲಿನಲ್ಲಿ ಇದ್ದಾಗ ಎಂಜಿನ್ನಿನಿಂದ ಶಕ್ತಿ ತರುವ ಇನ್‌ಪುಟ್ ಶಾಫ್ಟ್ ಮತ್ತು ಅದು ತಿರುಗಿಸುವ ಪಕ್ಕದ ಕೌಂಟರ್ ಶಾಫ್ಟ್ ತಿರುಗುತ್ತಿರುತ್ತವೆ, ತುಳಿದರೆ ಎರಡೂ ನಿಲ್ಲುತ್ತವೆ. ಹಾಗಾಗಿ ನಿಮ್ಮ ಶಬ್ದ ಈ ಎರಡು ಶಾಫ್ಟುಗಳ ಬೇರಿಂಗಿನದು. ತುಳಿದಾಗ ಶಬ್ದ ಶುರುವಾಗುವುದಾದರೆ ಅದು ಕ್ಲಚ್ಚಿನ ರಿಲೀಸ್ ಬೇರಿಂಗ್. ಇನ್ನೊಂದು ಗುರುತು: ಈ ಬಗೆಯ ಗೇರ್‌ಬಾಕ್ಸಿನಲ್ಲಿ ನಾಲ್ಕನೇ ಗೇರ್ ನೇರ ಜೋಡಣೆ, ಶಕ್ತಿ ಕೌಂಟರ್ ಶಾಫ್ಟಿನ ಮೂಲಕ ಹಾಯದೆ ಇನ್‌ಪುಟ್ ಶಾಫ್ಟಿನಿಂದ ಚಕ್ರದ ಕಡೆಗೆ ಶಕ್ತಿ ಒಯ್ಯುವ ಮೇನ್ ಶಾಫ್ಟಿಗೆ ಹೋಗುತ್ತದೆ. ಒಂದು, ಎರಡು, ಮೂರರಲ್ಲಿ ಗುಂಯ್‌ಗುಟ್ಟಿ ನಾಲ್ಕರಲ್ಲಿ ತಣ್ಣಗಾದರೆ ತೊಂದರೆ ಕೌಂಟರ್ ಶಾಫ್ಟಿನ ಕಡೆಯದು. ಯಾವ ಗೇರಿನಲ್ಲಿದ್ದರೂ ಒಂದೇ ಸ್ವರ, ವೇಗಕ್ಕೆ ತಕ್ಕಂತೆ ಏರಿಳಿಯುತ್ತದೆ, ಆಕ್ಸಿಲರೇಟರ್ ಬಿಟ್ಟರೆ ಬದಲಾಗುತ್ತದೆ ಎಂದಾದರೆ ಅದು ಹಿಂದಿನ ಆಕ್ಸಲಿನ ಕ್ರೌನ್ ಮತ್ತು ಪಿನಿಯನ್ ಎಂಬ ಗೇರ್ ಜೋಡಿ. ಅದಕ್ಕಾಗಿ ಗೇರ್‌ಬಾಕ್ಸ್ ಬದಲಿಸಿ ದುಡ್ಡು ಕಳೆದುಕೊಂಡವರು ನಮ್ಮಲ್ಲಿ ಬೇಕಾದಷ್ಟು ಜನರಿದ್ದಾರೆ.

ಇಷ್ಟಾದ ಮೇಲೆ ಗೇರ್‌ಬಾಕ್ಸಿನ ಎಣ್ಣೆ ಇಳಿಸಿ, ಬಿಳಿ ಬೇಸಿನ್ನಿನಲ್ಲಿ ಹಿಡಿದು ಬಿಸಿಲಿಗೆ ಹಿಡಿಯಿರಿ. ಚಿನ್ನದ ಬಣ್ಣದ ನಯವಾದ ಹುಡಿ ಸಿಂಕ್ರೋ ರಿಂಗಿನ ಹಿತ್ತಾಳೆ. ಸ್ವಲ್ಪ ಇರುವುದು ಸಹಜ, ಬೆರಳಿಗೆ ದಪ್ಪವಾಗಿ ಹತ್ತಿದರೆ ರಿಂಗ್ ಮುಗಿದಿದೆ. ಆಯಸ್ಕಾಂತಕ್ಕೆ ಅಂಟುವ ತೆಳು ಚಕ್ಕೆಗಳು ಬೇರಿಂಗಿನವು ಅಥವಾ ಹಲ್ಲಿನ ಮೇಲ್ಪದರದವು. ತುಂಡು ತುಂಡಾದ ಹಲ್ಲು ಬಂದರೆ ಆ ಗಾಡಿಯನ್ನು ಅಲ್ಲಿಂದ ಅಲ್ಲಾಡಿಸಬೇಡಿ. ಎಣ್ಣೆ ಹಾಲು ಬೆರೆಸಿದಂತೆ ಬೆಳ್ಳಗಿದ್ದರೆ ನೀರು ಹೊಕ್ಕಿದೆ. ಮಳೆಗಾಲದಲ್ಲಿ ತೋಡು ದಾಟಿಸುವ ನಮ್ಮ ಕಡೆಯ ಗಾಡಿಗಳಲ್ಲಿ ಇದು ಅಪರೂಪವಲ್ಲ. ಓಡಿ ಬಿಸಿಯಾದ ಗೇರ್‌ಬಾಕ್ಸ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ಬ್ರೀದರ್ ಎಂಬ ಗಾಳಿತೂತಿನಿಂದಲೂ ಹಳೆಯ ಸೀಲಿನಿಂದಲೂ ನೀರೆಳೆದುಕೊಳ್ಳುತ್ತದೆ. ನೀರು ಹೊಕ್ಕ ಪೆಟ್ಟಿಗೆಯ ಬೇರಿಂಗುಗಳನ್ನು ನೋಡುವುದೂ ಬೇಡ, ಎಲ್ಲವನ್ನೂ ಬದಲಿಸಿ.

ಈಗ ಗುಜರಿಯ ಗೇರ್‌ಬಾಕ್ಸ್. ಕಾಸರಗೋಡು, ಮಂಗಳೂರಿನ ಆಸುಪಾಸಿನಲ್ಲಿ ಸಿಗದಿದ್ದರೆ ಬೆಂಗಳೂರಿನ ಶಿವಾಜಿನಗರ, ಚೆನ್ನೈಯ ಪುದುಪೇಟೆಗಳಂತಹ ದೊಡ್ಡ ಹಳೆ ಬಿಡಿಭಾಗಗಳ ಪೇಟೆಗಳಿವೆ. ಆದರೆ ಕೈಯಲ್ಲಿ ಮುಟ್ಟಿ ನೋಡದೆ ಪಾರ್ಸೆಲ್ ತರಿಸುವುದನ್ನು ನಾನು ಒಪ್ಪುವುದಿಲ್ಲ. ಹೊಂದಾಣಿಕೆ ಮೊದಲು ನೋಡಿ: ಓಮ್ನಿಗೆ ಓಮ್ನಿಯದ್ದೇ ಆಗಬೇಕು. ಈಕೋ, ವರ್ಸಾ ವ್ಯಾನುಗಳದ್ದು 5 ಗೇರಿನ ಬೇರೆ ಪೆಟ್ಟಿಗೆ. ಶಾಫ್ಟಿನ ತುದಿಯಲ್ಲಿ ಕ್ಲಚ್ ಪ್ಲೇಟ್ ಕೂರುವ ಸ್ಪ್ಲೈನಿನ (ಉದ್ದುದ್ದ ಏಣುಗಳ) ಹಲ್ಲುಗಳನ್ನು ಎಣಿಸಿ, ಮೌಂಟಿಂಗ್ ಕಿವಿಗಳ ಜಾಗ, ಸ್ಪೀಡೋಮೀಟರ್ ಕೇಬಲಿನ ತೂತು ಎಲ್ಲವನ್ನೂ ನಿಮ್ಮದರ ಫೋಟೋದ ಜೊತೆ ಹೋಲಿಸಿ.

ಅದು ಯಾವ ಗಾಡಿಯದು, ಏಕೆ ಗುಜರಿಗೆ ಬಂತು ಎಂದು ಕೇಳಿ. ಡಿಕ್ಕಿಯಾಗಿ ಮುರಿದ ಗಾಡಿಯ ಗೇರ್‌ಬಾಕ್ಸ್ ಸಾಮಾನ್ಯವಾಗಿ ಓಡಿ ಓಡಿ ಮುಗಿದ ಗಾಡಿಯದ್ದಕ್ಕಿಂತ ಮೇಲು, ಏಕೆಂದರೆ ಡಿಕ್ಕಿಯಾದ ದಿನದವರೆಗೂ ಅದು ಕೆಲಸ ಮಾಡುತ್ತಿತ್ತು. ಬೆಲ್ ಹೌಸಿಂಗ್ (ಕ್ಲಚ್ಚನ್ನು ಮುಚ್ಚುವ ಗಂಟೆಯಾಕಾರದ ಭಾಗ), ಮೌಂಟಿಂಗ್ ಕಿವಿಗಳಲ್ಲಿ ಬಿರುಕು ಅಥವಾ ಅಲ್ಯೂಮಿನಿಯಂ ವೆಲ್ಡಿನ ಗುರುತು ಇರಬಾರದು. ಡ್ರೈನ್ ಬೋಲ್ಟ್ ಸಡಿಲಿಸಿ ನೋಡಲು ಬಿಡುವ ಅಂಗಡಿಯಲ್ಲೇ ಕೊಳ್ಳಿ. ಒಳಗೆ ಎಣ್ಣೆ ಉಳಿದಿರುವ ಪೆಟ್ಟಿಗೆ ಒಳ್ಳೆಯದು. ಬಾಯಿ ತೆರೆದು ಮಳೆಗೆ ಬಿದ್ದಿದ್ದರೆ ಬೆಲೆ ಎಷ್ಟು ಇಳಿಸಿದರೂ ಬೇಡ. ನಮ್ಮ ಕರಾವಳಿಯ ಒಂದೇ ಮಳೆಗಾಲ ನಯವಾದ ಗೇರ್ ಹಲ್ಲಿನ ಮೇಲೆ ತುಕ್ಕಿನ ಗುಳಿ ತೋಡಲು ಸಾಕು, ಆ ಗುಳಿ ಉಜ್ಜಿದರೂ ಹೋಗುವುದಿಲ್ಲ. ಪ್ರತಿ ಗೇರಿಗೂ ಹಾಕಿ ಇನ್‌ಪುಟ್ ಶಾಫ್ಟನ್ನು ಕೈಯಲ್ಲಿ ತಿರುಗಿಸಿ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಕಟಕ್ ಎಂದರೆ ಹಲ್ಲಿನ ಚಕ್ಕೆ ಎದ್ದುಹೋಗಿದೆ. ಔಟ್‌ಪುಟ್ ತುದಿಯನ್ನು ಹಿಡಿದು ಹಿಂದೆಮುಂದೆ ಎಳೆಯಿರಿ, ಕೈಗೆ ಸ್ಪಷ್ಟವಾಗಿ ತಿಳಿಯುವಷ್ಟು ಆಟ ಇರಬಾರದು.

ಬಿಲ್ ಇಲ್ಲದೆ ಕೊಳ್ಳಬೇಡಿ. ಅದರಲ್ಲಿ ಮೂಲ ಗಾಡಿಯ ನೋಂದಣಿ ಸಂಖ್ಯೆ ಬರೆಸಿ. ಆರ್‌ಸಿಯಲ್ಲಿ ಎಂಜಿನ್ ಮತ್ತು ಛಾಸಿಸ್ ಸಂಖ್ಯೆ ಇರುತ್ತದೆ, ಗೇರ್‌ಬಾಕ್ಸಿನದು ಇರುವುದಿಲ್ಲ. ಆದ್ದರಿಂದ ಅದೇ ಮಾದರಿಯದ್ದನ್ನು ಹಾಕಿದರೆ ಆರ್‌ಸಿ ತಿದ್ದಿಸಬೇಕಾಗಿಲ್ಲ. ಆದರೆ ಕಳವಿನ ಗಾಡಿಯ ಭಾಗ ನಿಮ್ಮ ಅಂಗಳದಲ್ಲಿ ಸಿಕ್ಕರೆ ಉತ್ತರ ಹೇಳಬೇಕಾದವರು ನೀವು.

ಗಾಡಿಯ ಅಡಿಗೆ ಹೋಗುವ ವಿಚಾರದಲ್ಲಿ ನಾನು ಕಟ್ಟುನಿಟ್ಟಾಗಿ ಹೇಳುವುದು ಒಂದಿದೆ. ನಮ್ಮ ಊರಿನಲ್ಲಿ ಎಲ್ಲಿ ನೋಡಿದರೂ ಕೆಂಪುಕಲ್ಲು ಇರುವುದರಿಂದ ಜಾಕ್ ಎತ್ತಿ ಕೆಂಪುಕಲ್ಲು ಕೊಟ್ಟು ಅಡಿಗೆ ನುಗ್ಗುತ್ತಾರೆ. ಕೆಂಪುಕಲ್ಲು ಗೋಡೆಯಲ್ಲಿ ಹರಡಿದ ಭಾರವನ್ನು ಹೊರುತ್ತದೆ. ಕಬ್ಬಿಣದ ಒಂದು ಅಂಚು ಊರಿದರೆ ಮುನ್ಸೂಚನೆಯಿಲ್ಲದೆ ಒಡೆಯುತ್ತದೆ. ಸಿಮೆಂಟಿನ ಟೊಳ್ಳು ಬ್ಲಾಕ್ ಇನ್ನೂ ಅಪಾಯ. ಜಾಕಿನ ಮೇಲೆ ಮಾತ್ರ ನಿಂತ ಗಾಡಿಯ ಅಡಿಗಂತೂ ತಲೆ ಹಾಕಲೇಬಾರದು. ಕಬ್ಬಿಣದ ಸ್ಟ್ಯಾಂಡ್ ನಾಲ್ಕು ಬಾಡಿಗೆಗೆ ತನ್ನಿ, ಇಲ್ಲವೇ ದಪ್ಪ ಗಟ್ಟಿ ಮರದ ತುಂಡುಗಳನ್ನು ಅಡ್ಡಕ್ಕೂ ಉದ್ದಕ್ಕೂ ಪೇರಿಸಿ. ಮಣ್ಣಿನ ನೆಲದಲ್ಲಿ ಬೇಡ, ಅಡಿಕೆ ಒಣಗಿಸುವ ಸಿಮೆಂಟ್ ಅಂಗಳವಿದ್ದರೆ ಅದೇ ಸರಿಯಾದ ಜಾಗ. ಚಕ್ರಗಳಿಗೆ ಅಡ್ಡ ಕೊಟ್ಟು, ಎತ್ತಿ ನಿಲ್ಲಿಸಿದ ಮೇಲೆ ಪಕ್ಕದಿಂದ ಜೋರಾಗಿ ದೂಡಿ ನೋಡಿ. ಆಗ ಅಲ್ಲಾಡದಿದ್ದರೆ ಮಾತ್ರ ಅಡಿಗೆ ಹೋಗಿ. ಒಬ್ಬರು ಅಡಿಯಲ್ಲಿದ್ದಾಗ ಇನ್ನೊಬ್ಬರು ಹೊರಗೆ ಇರಲೇಬೇಕು.

ಇಳಿಸುವ ಕ್ರಮ ಸುಲಭ. ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ತೆಗೆಯಿರಿ, ಏಕೆಂದರೆ ಸ್ಟಾರ್ಟರಿಗೆ ಬರುವ ದಪ್ಪ ಕೇಬಲಿನಲ್ಲಿ ಸದಾ ಕರೆಂಟ್ ಇರುತ್ತದೆ. ಪ್ರೊಪೆಲ್ಲರ್ ಶಾಫ್ಟ್ ಬಿಚ್ಚುವ ಮುನ್ನ ಹಿಂದಿನ ಎರಡೂ ಫ್ಲೇಂಜಿಗೆ ಅಡ್ಡಲಾಗಿ ಒಂದು ಗೆರೆ ಎಳೆಯಿರಿ, ಮತ್ತೆ ಅದೇ ಸ್ಥಾನದಲ್ಲಿ ಕೂರಿಸದಿದ್ದರೆ ಗಾಡಿ ನಡುಗಬಹುದು. ಕ್ಲಚ್ ಕೇಬಲ್, ಸ್ಪೀಡೋಮೀಟರ್ ಕೇಬಲ್, ರಿವರ್ಸ್ ಲೈಟಿನ ತಂತಿ, ಗೇರ್ ಲಿವರಿನ ಜೋಡಣೆ, ಸ್ಟಾರ್ಟರ್, ಎಲ್ಲ ಬಿಡಿಸಿ. ಎಂಜಿನ್ ಹಿಂಬದಿಗೆ ವಾಲದಂತೆ ಮರದ ತುಂಡಿಟ್ಟು ಇನ್ನೊಂದು ಜಾಕ್ ಕೊಡಿ. ಆಮೇಲೆ ಬೆಲ್ ಹೌಸಿಂಗ್ ಬೋಲ್ಟುಗಳು. ಗೇರ್‌ಬಾಕ್ಸನ್ನು ನೇರವಾಗಿ ಹಿಂದಕ್ಕೆ ಎಳೆಯಬೇಕು. ಅದರ ಭಾರ ಅರೆಗಳಿಗೆಯಾದರೂ ಇನ್‌ಪುಟ್ ಶಾಫ್ಟಿನ ಮೇಲೆ ನೇತಾಡಿದರೆ ಕ್ಲಚ್ ಪ್ಲೇಟಿನ ನಡುಭಾಗ ಸೊಟ್ಟಗಾಗುತ್ತದೆ. ಬೆಲ್ ಹೌಸಿಂಗಿನ ಧೂಳನ್ನು ಬಾಯಿಂದಲೋ ಗಾಳಿಯಿಂದಲೋ ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಹಳೆಯ ಕ್ಲಚ್ ಪ್ಲೇಟುಗಳಲ್ಲಿ ಕಲ್ನಾರು ಇರಬಹುದು.

ಬಿಚ್ಚುವಾಗ ಗುಜರಿಯದ್ದನ್ನು ಮೊದಲು ಬಿಚ್ಚಿ. ಇದನ್ನು ನಾನು ಒತ್ತಿ ಹೇಳುತ್ತೇನೆ. ಅದು ಬಿಡಿಭಾಗದ ರಾಶಿ ಮಾತ್ರವಲ್ಲ, ನಿಮ್ಮ ಅಭ್ಯಾಸದ ಪೆಟ್ಟಿಗೆಯೂ ಹೌದು. ಯಾವ ಸರ್ಕ್ಲಿಪ್ (ಭಾಗ ಜಾರದಂತೆ ತಡೆಯುವ ಸ್ಪ್ರಿಂಗ್ ಬಳೆ) ಎಲ್ಲಿ ಅಡಗಿದೆ, ಯಾವ ಪಿನ್ ಎತ್ತ ಹೊರಡುತ್ತದೆ ಎಂಬುದು ಅದರಲ್ಲಿ ತಿಳಿದ ಮೇಲೆ ನಿಮ್ಮದಕ್ಕೆ ಕೈ ಹಾಕಿದರೆ ಹೆದರಿಕೆ ಇರುವುದಿಲ್ಲ. ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಫೋಟೋ ತೆಗೆದು, ಭಾಗಗಳನ್ನು ಬಿಚ್ಚಿದ ಅನುಕ್ರಮದಲ್ಲೇ ಹಲಗೆಯ ಮೇಲೆ ಜೋಡಿಸಿ. ವಾಷರು, ಸರ್ಕ್ಲಿಪ್ಪುಗಳನ್ನು ತಂತಿಗೆ ಪೋಣಿಸಿ. ಫೋರ್ಕ್ ಕೂತಿರುವ ಸೆಲೆಕ್ಟರ್ ರಾಡನ್ನು ಎಳೆಯುವಾಗ, ಅದನ್ನು ಸ್ಥಾನದಲ್ಲಿ ಹಿಡಿದಿಡುವ ಲಾಕ್ ಬಾಲ್ ಎಂಬ ಗುಂಡು ಸ್ಪ್ರಿಂಗಿನ ಬಲಕ್ಕೆ ಹಾರಿ ಎಲ್ಲಿಯೋ ಬೀಳುತ್ತದೆ, ಅದಕ್ಕೆ ಆ ಹೊತ್ತಿನಲ್ಲಿ ಪೆಟ್ಟಿಗೆಯ ಮೇಲೊಂದು ದಪ್ಪ ಬಟ್ಟೆ ಮುಚ್ಚಿರಿ. ರಾಡುಗಳ ನಡುವೆ ಇರುವ ಚಿಕ್ಕ ಇಂಟರ್‌ಲಾಕ್ ಪಿನ್‌ಗಳ ಮೇಲೆ ಕಣ್ಣಿಡಿ. ಎರಡು ಗೇರ್ ಒಟ್ಟಿಗೆ ಬೀಳದಂತೆ ತಡೆಯುವುದು ಅವೇ. ಬೇರಿಂಗನ್ನು ಶಾಫ್ಟಿನಿಂದ ಸುತ್ತಿಗೆಯಲ್ಲಿ ಹೊಡೆದು ತೆಗೆಯುವುದು ಬೇಡ. ಪುಲ್ಲರ್ ಇಲ್ಲದಿದ್ದರೆ ಶಾಫ್ಟನ್ನು ಪ್ರೆಸ್ ಇರುವ ಲೇತ್ ಅಂಗಡಿಗೆ ಒಯ್ಯಿರಿ. ಮನೆಯ ಕೆಲಸದಲ್ಲಿ ಹೊರಗೆ ಕೊಡಲೇಬೇಕಾದದ್ದು ಇದೊಂದೇ.

ಎರಡನೇ ಗೇರ್ ಏಕೆ ಕಳಚುತ್ತಿತ್ತು ಎಂಬುದನ್ನು ಈಗ ಕಣ್ಣಾರೆ ನೋಡಬಹುದು, ನೋಡದೆ ಮುಚ್ಚಬೇಡಿ. ಗೇರ್ ಹಾಕುವುದು ಎಂದರೆ ಗೇರುಗಳನ್ನು ಸರಿಸುವುದಲ್ಲ. ಅವು ಸದಾ ಒಂದಕ್ಕೊಂದು ಕಚ್ಚಿಕೊಂಡೇ ಇರುತ್ತವೆ. ಸರಿಯುವುದು ಸ್ಲೀವ್. ಅದರ ಒಳಹಲ್ಲು ಗೇರಿನ ಪಕ್ಕದ ಸಣ್ಣ ಡಾಗ್ ಹಲ್ಲುಗಳ ಮೇಲೆ ಜಾರಿ ಕೂರುತ್ತದೆ. ಆ ಹಲ್ಲುಗಳ ಬದಿ ನೇರವಾಗಿಲ್ಲ, ತುದಿಯ ಕಡೆ ಒಂದಿಷ್ಟು ಅಗಲ, ಬುಡದ ಕಡೆ ಸಪೂರ. ಭಾರ ಬಿದ್ದಾಗ ಸ್ಲೀವ್ ಹೊರಕ್ಕೆ ಜಾರದೆ ಒಳಕ್ಕೇ ಎಳೆಯಲ್ಪಡಲಿ ಎಂದೇ ಆ ಓರೆ. ಲಾಕ್ ಬಾಲಿನ ಸ್ಪ್ರಿಂಗ್ ಬರೀ ನೆರವು, ನಿಜವಾಗಿ ಗೇರನ್ನು ಹಿಡಿದಿಡುವುದು ಈ ಓರೆ. ವರ್ಷಗಟ್ಟಲೆ ಅರ್ಧ ಬಿದ್ದ ಗೇರಿನಲ್ಲಿ ಓಡಿದರೆ ಓರೆ ಸವೆದು ತಿರುಗುಮುರುಗಾಗುತ್ತದೆ. ಆಮೇಲೆ ಭಾರ ಹೆಚ್ಚಿದಷ್ಟೂ ಸ್ಲೀವನ್ನು ಹೊರಕ್ಕೆ ನೂಕುತ್ತದೆ.

ಹಲ್ಲಿಗೆ ಎರಡು ಬದಿ. ಏರುವಾಗ ಎಂಜಿನ್ ಚಕ್ರವನ್ನು ನೂಕುತ್ತದೆ, ಒಂದು ಬದಿಗೆ ಭಾರ. ಇಳಿಯುವಾಗ ಚಕ್ರ ಎಂಜಿನ್ನನ್ನು ನೂಕುತ್ತದೆ, ಇನ್ನೊಂದು ಬದಿಗೆ ಭಾರ. ನಿಮ್ಮದು ಇಳಿಜಾರಿನಲ್ಲಿ ಮಾತ್ರ ಕಳಚುವುದರಿಂದ ಆ ಎರಡನೆಯ ಬದಿಯೇ ಸವೆದಿರಬೇಕು. ಗುಜರಿಯ ಗೇರಿನಲ್ಲಿ ಅದೇ ಬದಿಯನ್ನು ಭೂತಗನ್ನಡಿ ಹಿಡಿದು ನೋಡಿ. ಅದೂ ಮಲೆಯ ಕಡೆಯ ಗಾಡಿಯೇ ಆಗಿದ್ದರೆ ಅಲ್ಲಿಯೂ ಅದೇ ಸವೆತ ಇರಬಹುದು. ಹಲ್ಲಿನ ಅಂಚು ಉಗುರಿಗೆ ಚೂಪಾಗಿ ತಾಗಬೇಕು. ದುಂಡಾಗಿದ್ದರೆ ಅದೂ ಪ್ರಯೋಜನವಿಲ್ಲ.

ಜೊತೆಗೆ ಫೋರ್ಕ್ ನೋಡಿ. ಸ್ಲೀವಿನ ಕಾಲುವೆಯಲ್ಲಿ ಫೋರ್ಕನ್ನಿಟ್ಟು ಸಂದು ಅಳೆಯುವ ತೆಳು ಪಟ್ಟಿಗಳ ಫೀಲರ್ ಗೇಜ್ ತೂರಿಸಿ. ಒಂದು ಮಿಲಿಮೀಟರಿನಷ್ಟು ಸಂದು ಬಂದಿದ್ದರೆ ಸ್ಲೀವ್ ಪೂರ್ತಿ ದೂರ ಹೋಗುತ್ತಿಲ್ಲ ಎಂದು ತಿಳಿಯಿರಿ. ಮೂಲ ಕಾರಣ ಬಹಳ ಸಲ ಇದೇ, ಡಾಗ್ ಹಲ್ಲಿನ ಸವೆತ ಇದರ ಪರಿಣಾಮ. ಎರಡು ಪೆಟ್ಟಿಗೆಯ ಫೋರ್ಕುಗಳಲ್ಲಿ ದಪ್ಪ ಉಳಿದದ್ದನ್ನು, ಸೊಟ್ಟಗಿಲ್ಲದ್ದನ್ನು ಆರಿಸಿ. ಸವೆದ ಫೋರ್ಕಿಗೆ ಹಿತ್ತಾಳೆ ತುಂಬಿಸಿ ಅರದಿಂದ ಉಜ್ಜಿ ಕೊಡುವವರಿದ್ದಾರೆ. ಆ ಶಾಖಕ್ಕೆ ಫೋರ್ಕ್ ಕೂದಲೆಳೆಯಷ್ಟು ತಿರುಚಿದರೂ ಒಂದೇ ಬದಿ ಉಜ್ಜಿ ಮತ್ತೆ ಸವೆಯುತ್ತದೆ. ಲಾಕ್ ಸ್ಪ್ರಿಂಗಿನ ಹಿಂದೆ ವಾಷರ್ ತುರುಕಿ ಬಿಗಿಮಾಡುವುದು ಗಾಡಿ ಮಾರುವವರ ಉಪಾಯ. ಕೆಲವು ದಿನ ಗೇರ್ ನಿಲ್ಲುತ್ತದೆ, ಆಮೇಲೆ ಇನ್ನಷ್ಟು ಕೆಟ್ಟದಾಗಿ ಕಳಚುತ್ತದೆ. ಡಾಗ್ ಹಲ್ಲನ್ನು ಗ್ರೈಂಡರಿನಿಂದ ಚೂಪು ಮಾಡುವುದಂತೂ ಮಹಾ ತಪ್ಪು. ಗೇರಿನ ಗಟ್ಟಿತನವಿರುವುದು ಮೇಲಿನ ತೆಳು ಪದರದಲ್ಲಿ ಮಾತ್ರ, ಅದು ಹೋದರೆ ಒಳಗಿರುವುದು ಮೆದು ಉಕ್ಕು.

ಸಿಂಕ್ರೋ ರಿಂಗ್ ಎರಡನೇ ಗೇರಿನ ಕೋನಿನ ಮೇಲೆ ಒತ್ತಿ ತಿರುಚಿದಾಗ ಕಚ್ಚಿ ಹಿಡಿಯಬೇಕು, ಅಡಿಕೆ ಮರ ಏರುವವರ ಕಾಲಿನ ತಳೆ ಕಾಂಡವನ್ನು ಹಿಡಿದಂತೆ. ಹೊಸ ರಿಂಗಿನಲ್ಲಿ ರಿಂಗಿನ ಹಲ್ಲಿಗೂ ಗೇರಿನ ಹಲ್ಲಿಗೂ ನಡುವೆ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು ಸಂದು ಇರುತ್ತದೆ. ಅದು ಅರ್ಧ ಮಿಲಿಮೀಟರಿಗೆ ಇಳಿದಿದ್ದರೆ ಆಯುಷ್ಯ ತೀರಿತು. ಒಳಮೈಯ ಸಣ್ಣ ಗೆರೆಗಳು ಎಣ್ಣೆಯ ಪದರವನ್ನು ಕತ್ತರಿಸುವುದಕ್ಕಾಗಿ ಇರುವಂಥವು, ಅವು ಮಟ್ಟಸವಾಗಿ ಹೊಳೆಯುತ್ತಿದ್ದರೆ ಆ ರಿಂಗ್ ಹಿಡಿಯುವುದಿಲ್ಲ. ಗುಜರಿಯ ರಿಂಗ್ ನೋಡಲು ಎಷ್ಟೇ ಚೆನ್ನಾಗಿದ್ದರೂ ಹೊಸದನ್ನೇ ಹಾಕಿ.

ಇಲ್ಲಿಗೆ ಯಾವುದು ಹಳೆಯದು ಆಗಬಹುದು, ಯಾವುದು ಆಗಬಾರದು ಎಂಬ ಮುಖ್ಯ ವಿಚಾರ ಬಂತು. ಗೇರುಗಳು ಜೋಡಿಯಾಗಿ ಸವೆಯುತ್ತವೆ. ನಿಮ್ಮ ಕೌಂಟರ್ ಶಾಫ್ಟಿನ ಹಲ್ಲಿನ ಎದುರು ಗುಜರಿಯ ಎರಡನೇ ಗೇರನ್ನು ಮಾತ್ರ ತಂದು ಕೂರಿಸಿದರೆ ಅವು ಪರಸ್ಪರ ಒಗ್ಗದೆ ಗುಂಯ್‌ಗುಟ್ಟುತ್ತಲೇ ಇರುತ್ತವೆ, ಹಲ್ಲಿನ ಮೇಲೆ ಭಾರ ಸರಿಯಾಗಿ ಹರಡುವುದೂ ಇಲ್ಲ. ಹಾಗಾಗಿ ಗೇರ್ ತೆಗೆದುಕೊಂಡರೆ ಅದರ ಕೌಂಟರ್ ಶಾಫ್ಟನ್ನೂ ಜೊತೆಗೆ ತೆಗೆದುಕೊಳ್ಳಿ. ಕೌಂಟರ್ ಶಾಫ್ಟ್ ಬಂದರೆ ಅದಕ್ಕೆ ಕಚ್ಚುವ ಉಳಿದ ಗೇರುಗಳೂ, ಇನ್‌ಪುಟ್ ಶಾಫ್ಟೂ ಬರಬೇಕಾಗುತ್ತದೆ. ಅಂದರೆ ಗುಜರಿಯ ಗೇರ್ ಸಮೂಹ ಚೆನ್ನಾಗಿದ್ದರೆ ಇಡಿಯಾಗಿ ಅದನ್ನೇ ಬಳಸಿ. ಚೆನ್ನಾಗಿಲ್ಲದಿದ್ದರೆ ನಿಮ್ಮದನ್ನೇ ಉಳಿಸಿಕೊಂಡು ಎರಡನೇ ಗೇರ್ ಮತ್ತು ಸ್ಲೀವನ್ನು ಹೊಸದಾಗಿ ಹುಡುಕಿ. ಹೊಸ ಗೇರ್ ಹಳೆಯದರ ಎದುರು ಸ್ವಲ್ಪ ಸದ್ದು ಮಾಡಬಹುದು, ಆದರೆ ಕಳಚುವುದಿಲ್ಲ. ಸ್ಲೀವ್ ಮತ್ತು ಅದರೊಳಗಿನ ಹಬ್ ಒಂದು ಜೋಡಿ, ಒಂದರದ್ದು ಇನ್ನೊಂದಕ್ಕೆ ಹಾಕಬೇಡಿ. ಅವು ಯಾವ ಮುಖವಾಗಿ ಕುಳಿತಿದ್ದವು ಎಂಬುದನ್ನು ಬಿಚ್ಚುವ ಮುನ್ನವೇ ಗುರುತು ಮಾಡಿ. ಎರಡೂ ಪೆಟ್ಟಿಗೆಯ ಗೇರುಗಳ ಹಲ್ಲಿನ ಸಂಖ್ಯೆ ಎಣಿಸಿ ಬರೆದಿಡಿ.

ಎಲ್ಲ ಬೇರಿಂಗುಗಳು, ಆಯಿಲ್ ಸೀಲುಗಳು, ಸಿಂಕ್ರೋ ರಿಂಗುಗಳು, ಲಾಕ್ ಸ್ಪ್ರಿಂಗುಗಳು, ಸರ್ಕ್ಲಿಪ್ಪುಗಳು, ಗ್ಯಾಸ್ಕೆಟ್: ಇವು ಹೊಸವೇ ಆಗಬೇಕು, ಇದರಲ್ಲಿ ಉಳಿತಾಯ ಮಾಡಬೇಡಿ. ಹೇಗೂ ಇಳಿಸಿದ್ದೀರಿ, ರಿಲೀಸ್ ಬೇರಿಂಗನ್ನೂ ಬದಲಿಸಿ. ಬೇರಿಂಗಿನ ಮೇಲೆ ಕೆತ್ತಿದ ಸಂಖ್ಯೆಯನ್ನು ಪೂರ್ತಿ ಬರೆದುಕೊಳ್ಳಿ. ಕೊನೆಯಲ್ಲಿ ಸಿ3 ಎಂದಿದ್ದರೆ ಅದು ಒಳಗಿನ ಸಡಿಲದ ಅಳತೆ, ಅದಿಲ್ಲದ ಬೇರಿಂಗ್ ಬಿಸಿಯಾದಾಗ ಬಿಗಿಯಾಗುತ್ತದೆ. ಹೆಸರುವಾಸಿ ಕಂಪನಿಗಳ ನಕಲಿ ಬೇರಿಂಗ್ ಪೇಟೆಯಲ್ಲಿ ಇದೆ, ಬಿಲ್ ಕೊಡುವ ಅಂಗಡಿಯಿಂದಲೇ ತನ್ನಿ. ಬೇರಿಂಗಿನ ಹೊರರಿಂಗ್ ತಿರುಗಿ ಹೌಸಿಂಗಿನ ಗುಂಡಿ ಸವೆದಿದ್ದರೆ, ಚಾಣದಿಂದ ಚುಕ್ಕೆ ಹೊಡೆದು ಬಿಗಿಮಾಡುವ ಹಳೆಯ ಪದ್ಧತಿ ಬಿಟ್ಟುಬಿಡಿ. ಗುಜರಿಯ ಹೌಸಿಂಗ್ ಇದೆಯಲ್ಲ, ಅದನ್ನು ಬಳಸಿ.

ಜೋಡಿಸುವುದಕ್ಕೆ ಒಣ ಹವೆಯ ದಿನ ನೋಡಿಕೊಳ್ಳಿ. ಆಟಿಯ ಮಳೆಯಲ್ಲಿ ಸೀಮೆಎಣ್ಣೆಯಿಂದ ತೊಳೆದಿಟ್ಟ ಶಾಫ್ಟಿನ ಮೇಲೆ ಮರುದಿನವೇ ಕೆಂಪು ಕಾಣಿಸುತ್ತದೆ. ತೊಳೆದ ಪ್ರತಿ ಭಾಗಕ್ಕೂ ಕೂಡಲೇ ಗೇರ್ ಎಣ್ಣೆ ಸವರಿ, ಬೇರಿಂಗಿನ ಪೊಟ್ಟಣವನ್ನು ಕೂರಿಸುವ ಹೊತ್ತಿಗೇ ಒಡೆಯಿರಿ. ಶಾಫ್ಟಿಗೆ ಬಿಗಿಯಾದ ಬೇರಿಂಗನ್ನು ಎಣ್ಣೆಯಲ್ಲಿ ಸುಮಾರು 100 ಡಿಗ್ರಿಗೆ ಬಿಸಿಮಾಡಿದರೆ ತಾನಾಗಿ ಜಾರಿ ಕೂರುತ್ತದೆ. 120 ಡಿಗ್ರಿ ದಾಟಿಸಬೇಡಿ, ನೇರ ಬೆಂಕಿಗಂತೂ ಹಿಡಿಯಲೇಬೇಡಿ. ಪೆಟ್ಟಿಗೆ ಮುಚ್ಚುವ ಮುನ್ನ ಎಲ್ಲ ಗೇರುಗಳನ್ನೂ ಕೈಯಲ್ಲೇ ಹಾಕಿ ತಿರುಗಿಸಿ, ಎರಡು ಗೇರ್ ಒಟ್ಟಿಗೆ ಹಾಕಲು ಯತ್ನಿಸಿ ನೋಡಿ. ಬಿದ್ದರೆ ಇಂಟರ್‌ಲಾಕ್ ಪಿನ್ ತಪ್ಪಿದೆ, ಮತ್ತೆ ಬಿಚ್ಚಿ. ಕ್ಲಚ್ ಪ್ಲೇಟನ್ನು ನಡುವಿಗೆ ಹೊಂದಿಸಲು ಬಳಕೆಯಾಗದೆ ಉಳಿದ ಇನ್‌ಪುಟ್ ಶಾಫ್ಟೇ ಅತ್ಯುತ್ತಮ ಸಾಧನ, ಅದಕ್ಕೆಂದು ಬೇರೆ ಕೊಳ್ಳಬೇಕಾಗಿಲ್ಲ. ಅಲ್ಯೂಮಿನಿಯಂ ಎಳೆಗಳಿಗೆ ಬೋಲ್ಟನ್ನು ಮೊದಲು ಬೆರಳಿನಿಂದ ತಿರುಗಿಸಿ, ಕೊನೆಗೆ ಟಾರ್ಕ್ ರೆಂಚಿನಿಂದ ಬಿಗಿಮಾಡಿ.

ಎಣ್ಣೆ ಜಿಎಲ್-4 ದರ್ಜೆಯದೇ ಇರಲಿ. ಹಿಂದಿನ ಆಕ್ಸಲಿಗೆ ಹಾಕುವ ಜಿಎಲ್-5 ಇನ್ನೂ ಒಳ್ಳೆಯದು ಎಂದುಕೊಂಡು ಗೇರ್‌ಬಾಕ್ಸಿಗೂ ಹಾಕುತ್ತಾರೆ. ಅದರಲ್ಲಿರುವ ಗಂಧಕದ ಅಂಶ ಹೆಚ್ಚು, ಹಿತ್ತಾಳೆಯ ರಿಂಗಿಗೆ ಅದು ಆಗಿಬರುವುದಿಲ್ಲ. ಗಾಡಿ ಸಪಾಟು ನೆಲದಲ್ಲಿದ್ದಾಗ ಬದಿಯ ಲೆವೆಲ್ ತೂತಿನಿಂದ ಹೊರಗೆ ತೊಟ್ಟಿಕ್ಕುವವರೆಗೆ ತುಂಬಿಸಿ. ಇಳಿಸಿದ ಹಳೆ ಎಣ್ಣೆಯನ್ನು ಅಂಗಳದ ಬದಿಗೆ ಚೆಲ್ಲಬೇಡಿ. ನಮ್ಮ ಮುರ ಮಣ್ಣು (ಕೆಂಪುಕಲ್ಲಿನ ನೆಲ) ಸಾವಿರ ರಂಧ್ರದ್ದು, ಮೇಲೆ ಚೆಲ್ಲಿದ್ದು ಕೆಳಗಿನ ಬಾವಿಗೂ, ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರಿಗೂ ಇಳಿಯುತ್ತದೆ. ಡಬ್ಬಿಯಲ್ಲಿ ತುಂಬಿಸಿ ಹಳೆ ಎಣ್ಣೆ ಕೊಳ್ಳುವ ವರ್ಕ್‌ಶಾಪಿಗೆ ಕೊಡಿ.

ಹಿಂದಿನ ಚಕ್ರಗಳನ್ನು ಎತ್ತಿ ನಿಲ್ಲಿಸಿ, ಮುಂದಿನವಕ್ಕೆ ಅಡ್ಡ ಕೊಟ್ಟು, ಎಂಜಿನ್ನನ್ನು ನಿಧಾನಕ್ಕೆ ಓಡಿಸಿ ಒಂದೊಂದೇ ಗೇರ್ ಕೇಳಿ. ಆಗ ಗಾಡಿಯ ಅಡಿಯಲ್ಲಿ ಯಾರೂ ಇರಬಾರದು. ಆಮೇಲೆ ಖಾಲಿ ಗಾಡಿಯನ್ನು ಸಪಾಟು ರಸ್ತೆಯಲ್ಲಿ ಓಡಿಸಿ, ಎರಡನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿ ಬಿಟ್ಟು ಪರೀಕ್ಷಿಸಿ. ಅದು ಸರಿಯಿದ್ದರೆ ಸಣ್ಣ ಇಳಿಜಾರು, ನಂತರ ನಿಮ್ಮ ಗುಡ್ಡ, ಕೊನೆಗೆ ಹೇರು. ಹೊಸ ರಿಂಗುಗಳು ಪಳಗುವಾಗ ಒಂದಷ್ಟು ಹುಡಿ ಉದುರಿಸುತ್ತವೆ, ಅದಕ್ಕೆ ಸುಮಾರು 500 ಕಿಲೋಮೀಟರಿಗೆ ಎಣ್ಣೆ ಬದಲಿಸಿ. ಅದೇ ಬಿಳಿ ಬೇಸಿನ್ನಿನಲ್ಲಿ ಹಿಡಿದು ನೋಡಿ. ಹಿತ್ತಾಳೆಯ ತೆಳು ಮಿಂಚು ಮಾತ್ರ ಇದ್ದರೆ ಹೊಸ ಎಣ್ಣೆ ತುಂಬಿಸಿ ಗಾಡಿಯನ್ನು ಕೆಲಸಕ್ಕೆ ಹಚ್ಚಿ. ಆಯಸ್ಕಾಂತಕ್ಕೆ ಉಕ್ಕಿನ ಚಕ್ಕೆ ಅಂಟಿದರೆ ಅದರ ಫೋಟೋ ತೆಗೆದು, ಯಾವ ಗೇರಿನಲ್ಲಿ ಯಾವ ಸದ್ದು ಎಂಬ ವಿವರದೊಂದಿಗೆ ನನಗೆ ಮತ್ತೊಮ್ಮೆ ಬರೆಯಿರಿ. ಅಲ್ಲಿಯವರೆಗೆ ಗಾಡಿ ಓಡಿಸಬೇಡಿ.